ಕಾಲಡಿಗೆ ಸಿಕ್ಕಿದ್ದು

ಸದಾಶಿವಯ್ಯನವರ ಬಲಗೈ, ಉಣ್ಣುವ ಹೊತ್ತೊಂದನ್ನು ಬಿಟ್ಟರೆ, ಎರಡು ಜಾಗಗಳನ್ನಲ್ಲದೆ ಮೂರನೆಯದನ್ನು ಅರಿಯದು. ಒಂದೋ ಅದು ಸುಲಿದ ತೆಂಗಿನಕಾಯಿಯೊಂದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿರಬೇಕು, ಇಲ್ಲವೇ ಕೋಟಿನ ಮೇಲೆ, ಎದೆಯ ನಟ್ಟನಡುವೆ, ಅಂಗೈ ಬಿಚ್ಚಿಕೊಂಡು ಒರಗಿರಬೇಕು. ತಿಪಟೂರಿನ ಬಸ್ಸಿನಲ್ಲಿ ನಿಲ್ಲಬೇಕಾಗಿ ಬಂದರೆ ಅವರು ಎಡಗೈಯಲ್ಲಿ ಮಾತ್ರ ಸರಳು ಹಿಡಿಯುವರು. ದಂಡಿನಶಿವರ ದಾಟಿ ಒಂದು ತಿರುವಿನಲ್ಲಿ ಬಸ್ಸು ವಾಲಿ, ನಿಂತವರೆಲ್ಲ ಸಿಕ್ಕಿದ್ದನ್ನು ಎರಡೂ ಕೈಗಳಿಂದ ತಬ್ಬಿಕೊಳ್ಳುವಾಗಲೂ ಆ ಬಲಗೈ ಎದೆಯಿಂದ ಕದಲದು. ಒಮ್ಮೆ ಹಾಗೆಯೇ ಬಿದ್ದು ಮೊಣಕಾಲು ಒಡೆದುಕೊಂಡರು, ಕೈ ಮಾತ್ರ ತೆಗೆಯಲಿಲ್ಲ. "ಎದೆ ಮ್ಯಾಲಿನ ಲಿಂಗಪ್ಪಂಗೆ ಪೆಟ್ಟಾಗಬಾರ್ದು ಅಂತ ತಾವು ಪೆಟ್ಟು ತಿಂದ್ರು ಕಣ್ರೀ" ಎಂದು ಕಂಡಕ್ಟರು ಊರೂರಿಗೆ ಹೇಳಿಕೊಂಡು ತಿರುಗಿದ. ಊರು ನಂಬಿತು. ಊರ ಶಾಲೆಯ ಮೇಷ್ಟ್ರಾದ ನಾನೂ ನಂಬಿದ್ದೆ.

ಆ ಕೈಯ ಕೆಳಗೆ, ಕೋಟಿನ ಕೆಳಗೆ, ಅಂಗಿಯ ಕೆಳಗೆ, ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿತ್ತು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹುಟ್ಟಿದಾಗ ಗುರು ಕಟ್ಟಿದ ಇಷ್ಟಲಿಂಗ ಆ ಪುಟ್ಟ ಡಬ್ಬಿಯೊಳಗೆ ಕೂತು ಜೀವಮಾನವಿಡೀ ಎದೆಗೆ ತಾಗಿಕೊಂಡಿರುತ್ತದೆ. ದಿನವೂ ಅದನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಸತ್ತಾಗ ಅದೇ ಅಂಗೈಯಲ್ಲಿ ಅದನ್ನಿಟ್ಟೇ ಮಣ್ಣು ಮಾಡುತ್ತಾರೆ. ಅಂಗೈಯಲ್ಲಿರುವುದು ಗುರುತು, ನಿಜವಾದದ್ದು ಹೃದಯದ ಗವಿಯಲ್ಲಿದೆ, ಎರಡೂ ಒಂದಾಗಿ ಕರಗುವುದೇ ಸಾಮರಸ್ಯ, ಆಮೇಲೆ ಶಾಂತಿಯಲ್ಲದೆ ಬೇರೇನೂ ಉಳಿಯದು ಎಂದು ತಿಳಿದವರು ಹೇಳುತ್ತಾರೆ. ಹೇಳುವುದು ಸುಲಭ.

ಆಳು ಎತ್ತರದವರಲ್ಲ. ಕತ್ತಿನವರೆಗೂ ಗುಂಡಿ ಹಾಕುವ ಕಪ್ಪು ಕೋಟು, ಮಂಡಿಯ ಕೆಳಕ್ಕೆ ಬರುವ ಪಂಚೆ, ಹಣೆಯ ಮೇಲೆ ಅಳಿಸಿದ್ದನ್ನು ಯಾರೂ ಕಾಣದ ಮೂರು ಬೆರಳಿನ ವಿಭೂತಿ. ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲಿ ತೋಟದ ಎಮ್ಮೆಗಳೇ ನೀರಿಗಿಳಿದು ಕೂತಿರುವಾಗ ಇವರು ಆ ಕೋಟಿನಲ್ಲಿ ಬೆವರುತ್ತ ಬದುವಿನ ಮೇಲೆ ಬರುವರು. ನಡಿಗೆ ವಿಚಿತ್ರ. ಪ್ರತಿ ಹೆಜ್ಜೆಗೂ ನೆಲವನ್ನೊಮ್ಮೆ ನೋಡಿ, ಪಾದವನ್ನು ಅರ್ಧ ಊರಿ, ಕೆಳಗೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಉಳಿದರ್ಧ ಊರುವರು. ಕೆಸರು ನೀರಿನಲ್ಲಿ ನಡೆಯುವವರು ಹಾಗೆ ನಡೆಯುತ್ತಾರೆ, ಒಣ ನೆಲದಲ್ಲಿ ಅಲ್ಲ. ಇರುವೆ ಸಾಯಬಾರದೆಂಬ ದಯೆ ಅದು ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಮಾತು ಕಮ್ಮಿ. ಯಾರು ಯಾರನ್ನು ಹೊಗಳಿದರೂ, ಯಾರು ಯಾರನ್ನು ತೆಗಳಿದರೂ, "ಒಳಗಿಂದು ಬ್ಯಾರೆ ಕಣಪ್ಪ" ಎಂದು ಎದ್ದುಬಿಡುವರು. ಈ ಒಂದು ಮಾತಿನ ಬಲದ ಮೇಲೆ ಊರು ಅವರನ್ನು ಜ್ಞಾನಿಗಳ ಸಾಲಿಗೆ ಸೇರಿಸಿಬಿಟ್ಟಿತ್ತು. ನಮ್ಮ ಜನಕ್ಕೆ ಕಡಿಮೆ ಮಾತಾಡುವವರ ಮೇಲೆ ಮೊದಲಿನಿಂದಲೂ ಒಂದು ಮೋಹ.

ಕೊಬ್ಬರಿಗೆ ನಮ್ಮಲ್ಲಿ ಅವಸರವಿಲ್ಲ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದು ಒಣಗಬೇಕು; ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಒಳಗೊಳಗೇ ಉಂಡೆಯಾಗಿ ಕುಲುಕಬೇಕು. ಆ ಕುಲುಕನ್ನು ಕೇಳಿ ಯಾವುದು ಒಳ್ಳೆಯದು, ಯಾವುದು ಮುಗ್ಗಿದ್ದು, ಯಾವುದಕ್ಕೆ ಇನ್ನೊಂದು ತಿಂಗಳು ಬೇಕು ಎಂದು ಒಡೆಯದೆ ಹೇಳುವುದರಲ್ಲಿ ಸದಾಶಿವಯ್ಯನವರಿಗೆ ಸರಿಸಮ ಯಾರೂ ಇರಲಿಲ್ಲ. ಕಣ್ಣು ಮುಚ್ಚುವರು, ಕಾಯನ್ನು ಎರಡು ಸಲ ಅಲ್ಲಾಡಿಸುವರು, ಮೂರನೆಯ ಸಲ ಅಲ್ಲಾಡಿಸದೆ ಸುಮ್ಮನೆ ಕಿವಿಗಿಟ್ಟುಕೊಂಡಿರುವರು. ತಿಪಟೂರಿನಿಂದ ಬಂದ ವ್ಯಾಪಾರಿಗಳು ಆ ಮೂರನೆಯ ಸಲಕ್ಕೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಅವರ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವನು ದುರ್ಗಯ್ಯ. ಊರ ಹೊರಗಿನ ಕೇರಿಯವನು, ನಲವತ್ತೈದರ ಆಸುಪಾಸು, ಕಬ್ಬಿಣದಂಥ ಮುಂಗೈ. ನೆಲಕ್ಕೆ ನೆಟ್ಟ ಮೊನೆಗೆ ಕಾಯಿ ಕುಕ್ಕಿ ಮೂರು ತಿರುವಿಗೆ ಸಿಪ್ಪೆ ಬಿಡಿಸುವನು. ಅವನೂ ಮಾತಿನವನಲ್ಲ. ಇಬ್ಬರು ಮೂಗರ ಅಂಗಡಿ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಊರಿನವರೆಲ್ಲ ಅವನನ್ನು 'ಲೇ ದುರ್ಗ' ಎಂದು ಕರೆದರೆ ಸದಾಶಿವಯ್ಯನವರೊಬ್ಬರು 'ದುರ್ಗಯ್ಯ' ಎಂದು ಪೂರಾ ಕರೆಯುವರು. ಆದರೆ ಒಂದು ಸಂಗತಿಯನ್ನು ನಾನು ಬಹಳ ದಿನ ಗಮನಿಸಿದ್ದೆ. ಸುಲಿದ ಕಾಯನ್ನು ದುರ್ಗಯ್ಯ ಎಂದೂ ಅವರ ಕೈಗೆ ಕೊಡುತ್ತಿರಲಿಲ್ಲ. ಅವರು ಕೈ ಚಾಚಿ ನಿಂತಿದ್ದರೂ ನೆಲದ ಮೇಲಿಟ್ಟು ಅವರ ಕಡೆಗೆ ಉರುಳಿಸಿಬಿಡುವನು. ಹಳೆಯ ಕಾಲದ ಅಂಜಿಕೆ ಎಂದುಕೊಂಡಿದ್ದೆ. ಅಂಜುವವನ ಕಣ್ಣು ಹಾಗೆ ನೆಟ್ಟಗೆ ನೋಡುವುದಿಲ್ಲವೆಂದು ನನಗೆ ಹೊಳೆಯಬೇಕಾಗಿತ್ತು.

ಇನ್ನು ಅವರ ಪೂಜೆ. ಬೆಳಗಿನ ಸ್ನಾನವಾದ ಮೇಲೆ ದೇವರ ಕೋಣೆಯ ಕದ ಹಾಕಿಕೊಂಡು, ತಲೆಯ ಮೇಲಿನಿಂದ ಮಂಡಿಯವರೆಗೆ ಬಿಳಿಯ ಶಾಲು ಹೊದ್ದು, ಅದರೊಳಗೆ ಒಂದು ಗಂಟೆ ಕೂರುವರು. ಶಾಲಿನೊಳಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದೃಷ್ಟಿ ನಿಲ್ಲಿಸುವ ಬಲು ಗುಟ್ಟಿನ ಸಾಧನೆ ಅದು ಎಂದು ಊರಿಗೆ ಊರೇ ತೀರ್ಮಾನಿಸಿತ್ತು. ಹೆಂಡತಿ ಸುವರ್ಣಮ್ಮನವರಿಗೆ ಮಾತ್ರ ಅದರಲ್ಲಿ ಒಂದು ಅಸಮಾಧಾನವಿತ್ತು. "ಲಗ್ನ ಆಗಿ ಮೂವತ್ತು ವರ್ಷ ಮ್ಯಾಲಾಯ್ತು ಮೇಷ್ಟ್ರೆ. ನನ್ ಲಿಂಗ ಅವ್ರು ಕಂಡವ್ರೆ. ಅವ್ರದ್ದು ನಾನು ಕಂಡಿಲ್ಲ" ಎಂದು ಒಮ್ಮೆ ನನ್ನ ಮುಂದೆ ಅಂದು, ಅಂದದ್ದು ಹೆಚ್ಚಾಯಿತೇನೋ ಎಂದು ಒಳಗೆ ಹೋಗಿಬಿಟ್ಟರು.

ಕಾಣುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕರಡಿಗೆ ಖಾಲಿ, ಅದರೊಳಗಿದ್ದದ್ದು ಮಡಿಸಿಟ್ಟ ಒಂದು ಬಟ್ಟೆಯ ಚೂರು. ಮೂವತ್ತೇಳು ವರ್ಷ ಆ ಮನುಷ್ಯ ಶಾಲಿನೊಳಗೆ ಬರಿಗೈಯನ್ನು ಎದೆಯ ಮುಂದೆ ಹಿಡಿದುಕೊಂಡು ಕೂತಿದ್ದರು. ಇದನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ, ಒಂದು ಬಸ್ಸಿನ ಹಿಂದಿನ ಸೀಟಿನಲ್ಲಿ. ಓದುವವರು ಕತ್ತಲಲ್ಲಿರಬಾರದೆಂದು ನಾನು ಇಲ್ಲೇ ಹೇಳಿಬಿಡುತ್ತೇನೆ.

ನಲವತ್ನಾಲ್ಕನೆಯ ಇಸವಿಯ ಬೇಸಿಗೆ. ಸದಾಶಿವಯ್ಯನವರಿಗೆ ಇಪ್ಪತ್ತು ವರ್ಷ. ತಂದೆ ಎಂದೋ ತೀರಿಕೊಂಡಿದ್ದರು; ಇದ್ದವರು ತಾಯಿ ಹೊಂಬಾಳಮ್ಮ. ಕೆರೆ ಬತ್ತುತ್ತ ಬಂದು ನಡುವೆ ಎದೆಮಟ್ಟದ ನೀರು, ಕೆಳಗೆ ಮೊಣಕಾಲುದ್ದ ಕೆಸರು. ಬಟ್ಟೆ ಒಗೆದು ಮುಳುಗು ಹಾಕಿ ಎದ್ದ ಹೊಂಬಾಳಮ್ಮನವರ ಕೊರಳಿನ ದಾರ ಸವೆದು ಕಿತ್ತಿತ್ತು. ಬಟ್ಟೆಯಲ್ಲಿ ಕಟ್ಟಿದ್ದ ಲಿಂಗ ನೀರಿಗೆ ಬಿದ್ದಿತ್ತು. ಆಕೆ ಒದ್ದೆ ಸೀರೆಯಲ್ಲೇ, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಜಗಲಿಯ ಮೇಲೆ ಕೂತು, "ಅದು ಸಿಗೋಗಂಟ ನನ್ ಬಾಯಿಗೆ ಏನೂ ಬ್ಯಾಡ ಕಣಪ್ಪ" ಎಂದರು. ನೀರೂ ಬೇಡವೆಂದರು. ಲಿಂಗ ಹೋದ ಮೇಲೆ ಪ್ರಾಣವನ್ನು ಹಿಡಿದುಕೊಂಡಿರಬಾರದೆಂಬ ಹಳೆಯ ನಂಬಿಕೆ ಊರ ಹಿರಿಯರ ನಾಲಿಗೆಯ ಹಿಂದೆ ಇತ್ತು. ಅವರು ಅದನ್ನು ಆಡಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಗುರುವಿನಿಂದ ಇನ್ನೊಂದನ್ನು ಪಡೆಯಬಹುದೆಂದು ಹೇಳಬಲ್ಲವರು ಯಾರೂ ಬರಲಿಲ್ಲ, ಯಾರನ್ನೂ ಯಾರೂ ಕರೆಸಲಿಲ್ಲ.

ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿ ಮಾರಯ್ಯ, ಅದೇ ಹೊರಗಿನ ಕೇರಿಯವನು, ಆ ಕೆರೆಯ ತಳವನ್ನು ತನ್ನ ಗುಡಿಸಲಿನ ನೆಲದಷ್ಟು ಚೆನ್ನಾಗಿ ಬಲ್ಲವನು. ಅವನನ್ನೇ ನೀರಿಗಿಳಿಸಿದರು. ಏರಿಯ ಮೇಲೆ ನಿಂತು ಅವನಿಗೆ ಅಪ್ಪಣೆ ಕೊಟ್ಟವರು ಸದಾಶಿವಯ್ಯನವರು.

"ಸಿಕ್ಕಿದ್ರೆ ಮುಟ್ಟಬ್ಯಾಡ ಕಣ್ಲಾ. ಅಲ್ಲೇ ನಿಂತ್ಕಂಡು ಕೂಗು. ನಾನ್ ಬಂದು ಎತ್ಕತೀನಿ."

ಅದರಲ್ಲಿ ಅವರಿಗೆ ಏನೂ ತಪ್ಪು ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ, ಮಾರಯ್ಯನಿಗೂ ಕಾಣಲಿಲ್ಲ. ಅವನು ಎರಡು ದಿನ, ಬೆಳಗಿನಿಂದ ಬೈಗಿನವರೆಗೆ, ಕೈಗಳನ್ನು ನೀರಿನ ಮೇಲೆ ಎತ್ತಿ ಹಿಡಿದುಕೊಂಡು, ಕಾಲಿನಿಂದ ಕೆಸರನ್ನು ತಡಕಿದ. ಮೂರನೆಯ ದಿನ ನಡುಮಧ್ಯಾಹ್ನ ಕೆರೆಯ ನಡುವಿನಿಂದ ಕೂಗು ಬಂತು: "ಸಿಕ್ತು ಬುದ್ಧಿ! ಕಾಲಡಿಗೈತೆ!"

ಕೂಗಿದ ಬಾಯಿ ಮುಚ್ಚುವ ಮೊದಲೇ ಅವನಿಗೆ ಇನ್ನೊಂದು ಹೊಳೆಯಿತು. ತನ್ನ ಕಾಲಿರುವುದು ಲಿಂಗದ ಮೇಲೆ. ಕೈಯಿಂದ ಮುಟ್ಟುವಂತಿಲ್ಲ, ಕಾಲನ್ನು ಅದರ ಮೇಲೆ ಇಟ್ಟುಕೊಂಡಿರುವುದು ಹೇಗೆ? ಅವನು ಬೆಂಕಿ ತುಳಿದವನಂತೆ ಕಾಲು ಎತ್ತಿಕೊಂಡು, ನೀರಿನಲ್ಲೇ ಒಂಟಿಗಾಲಲ್ಲಿ ಕೈಮುಗಿದು ನಿಂತ. ಸದಾಶಿವಯ್ಯನವರಿಗೆ ಈಜು ಬರದು. ಅವರೂ ಜೊತೆಯ ನಾಲ್ಕು ಜನವೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆಸರು ಕಲಕುತ್ತ ಅಲ್ಲಿಗೆ ಮುಟ್ಟುವ ಹೊತ್ತಿಗೆ ಜಾಗವೇ ಜಾಗವಾಗಿ ಉಳಿದಿರಲಿಲ್ಲ. ಮತ್ತೆ ಮೂರು ದಿನ ಹುಡುಕಿದರು. ಆರನೆಯ ದಿನ ಸಂಜೆ ದೀಪ ಹಚ್ಚುವ ಮುನ್ನ ಹೊಂಬಾಳಮ್ಮ ತೀರಿಕೊಂಡರು. ಆ ಆರು ದಿನವೂ ಮಗ ಹೊತ್ತು ಹೊತ್ತಿಗೆ ಉಂಡಿದ್ದರು.

ಊರಿಗೆ ಒಂದು ಕಾರಣ ಬೇಕಿತ್ತು. ಅವನ ಕಾಲು ತಾಗಿದ್ದಕ್ಕೇ ಲಿಂಗ ಮಾಯವಾಯಿತು ಎಂದಿತು. ಮಾರಯ್ಯನ ಮುಖಕ್ಕೆ ಉಗಿದರು. ತಲೆಮಾರುಗಳಿಂದ ಬಂದ ನೀರಗಂಟಿತನ ಅವನ ಕೈಬಿಟ್ಟಿತು. ಮುಟ್ಟಬೇಡ ಎಂದವನು ನಾನು, ಅವನು ಎತ್ತಿಕೊಂಡಿದ್ದರೆ ಅವ್ವ ಇವತ್ತು ಗಂಜಿ ಕುಡಿಯುತ್ತಿದ್ದಳು ಎಂದು ಹೇಳಬಹುದಾಗಿದ್ದವರು ಒಬ್ಬರೇ. ಅವರು ಹೇಳಲಿಲ್ಲ. ಊರು ಮುಂದೆ ಯಾವ ಮೌನಕ್ಕೆ ಕೈಮುಗಿಯಿತೋ ಆ ಮೌನ ಶುರುವಾದದ್ದು ಅಲ್ಲಿ.

ತಾಯಿಯನ್ನು ತಮ್ಮ ತೋಟದಲ್ಲೇ ಮಣ್ಣು ಮಾಡಿದರು. ಲಿಂಗವಿಲ್ಲದ ಎಡ ಅಂಗೈಯಲ್ಲಿ ಹಿರಿಯರೊಬ್ಬರು ವಿಭೂತಿಯ ಗಟ್ಟಿಯೊಂದನ್ನಿಟ್ಟರು. ಗುಂಡಿಗಿಳಿದು ದೇಹವನ್ನು ಸರಿಯಾಗಿ ಕೂರಿಸುವ ಕೆಲಸ ಮಗನದು. ಪತ್ರೆ ಸುರಿಯುವ ಗಡಿಬಿಡಿಯಲ್ಲಿ ಅವರು ತಮ್ಮ ಕರಡಿಗೆ ಬಿಚ್ಚಿ, ತಮ್ಮ ಲಿಂಗವನ್ನು ತೆಗೆದು, ವಿಭೂತಿಯನ್ನು ಸರಿಸಿ, ತಾಯಿಯ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು. ಯಾರೂ ನೋಡಲಿಲ್ಲ. ಮೇಲಕ್ಕೆ ಹತ್ತಿಬಂದಾಗ ಬಲಗೈ ಎದೆಯ ಮೇಲಿತ್ತು. ಅಂದಿನಿಂದ ಅದು ಅಲ್ಲೇ ಉಳಿಯಿತು.

ಆಮೇಲಿನ ವರ್ಷಗಳ ಬರಿಗೈ ಪೂಜೆಯನ್ನು ಬರಿಯ ವೇಷವೆಂದು ನಾನು ಹೇಳಲಾರೆ. ಮೊದಮೊದಲು ಅದು ಭಯವೇ. ಸುವರ್ಣಮ್ಮ ಕದ ತಟ್ಟಿಬಿಟ್ಟರೆ ಎಂಬ ಭಯ. ಆದರೆ ದಿನವೂ ಒಂದು ಗಂಟೆ ನೋಡುವುದಕ್ಕೆ ಏನೂ ಇಲ್ಲದ ಅಂಗೈಯನ್ನು ನೋಡುತ್ತ ಕೂತ ಮನುಷ್ಯ ಎಷ್ಟು ದಿನ ನೋಡಿಯಾನು? ಕಣ್ಣು ತಾನಾಗಿ ಮುಚ್ಚಿತು. ಕಾಯಿಗೆ ಕಿವಿಗೊಟ್ಟಂತೆ ಅವರು ತಮ್ಮ ಎದೆಗೆ ಕಿವಿಗೊಟ್ಟರು. ಮೊದಲು ಬಡಿತ, ಅದರ ಹಿಂದೆ ಉಸಿರು, ಉಸಿರಿನ ಹಿಂದೆ ಯಾವ ಸದ್ದೂ ಇಲ್ಲದ ಒಂದು ತಂಪು ಜಾಗ. ಅಲ್ಲಿ ಸದಾಶಿವಯ್ಯನೆಂಬುವನು ಇರುತ್ತಿರಲಿಲ್ಲ, ತೋಟ ಇರುತ್ತಿರಲಿಲ್ಲ, ತಾನು ಬೇರೆ ಇನ್ನೊಬ್ಬರು ಬೇರೆ ಎಂಬುದು ಇರುತ್ತಿರಲಿಲ್ಲ. ಲಿಂಗ ಕಟ್ಟಿಕೊಂಡ ನಾವು ಯಾರೂ ಕಾಣದ್ದನ್ನು ಲಿಂಗವಿಲ್ಲದ ಆ ಮನುಷ್ಯ ಕಂಡಿದ್ದರು. ನನಗೆ ಅದರಲ್ಲಿ ಸಂಶಯವಿಲ್ಲ.

ಆದರೆ ಆ ತಂಪಿಗೆ ಇನ್ನೇನು ಪೂರ್ತಿ ಇಳಿಯಬೇಕು ಎನ್ನುವಾಗ ಕೂಗು ಕೇಳುತ್ತಿತ್ತು. "ಸಿಕ್ತು ಬುದ್ಧಿ!" ಪ್ರತಿ ಸಲ ಅದೇ ದನಿ, ಅದೇ ಸಂತೋಷ. ಅವರು ಕಣ್ಣು ತೆರೆದು ಎದ್ದುಬಿಡುವರು. ಕೂಗನ್ನು ದಾಟಿ ಒಳಗೆ ಹೋಗಬಹುದಿತ್ತೇನೋ, ಹೋಗಲು ಮನಸ್ಸಾಗಲಿಲ್ಲ. ಅವ್ವ ಹಸಿದುಕೊಂಡು ಒಳಗೆ ಮಲಗಿದ್ದಾಗ ತಾನು ಮುದ್ದೆ ಮುರಿದದ್ದು ನೆನಪಾಗುತ್ತಿತ್ತು. "ಶಾಂತಿ ತಗಂಡ್ರೆ ಅದೂ ಇನ್ನೊಂದ್ ಊಟನೇಯ ಮೇಷ್ಟ್ರೆ" ಎಂದಿದ್ದರು. ಆ ಮಾತು ಕೇಳಿದ ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಯಾವ ಗುರುವನ್ನಾದರೂ ಕೇಳಿ ಇನ್ನೊಂದು ಲಿಂಗ ಕಟ್ಟಿಸಿಕೊಳ್ಳಬಹುದಾಗಿತ್ತಲ್ಲ ಎಂದರೆ, ಅದಕ್ಕೂ ಅವರಲ್ಲಿ ಕಾರಣವಿತ್ತು. ಆಗದು ಎಂದರೆ ತನ್ನ ಗತಿ ಮುಗಿಯಿತು. ಆಗುತ್ತದೆ ಎಂದರೆ ಅವ್ವ ಸುಮ್ಮನೆ ಸತ್ತಳು ಎಂದಾಯಿತು. ಈ ಎರಡರಲ್ಲಿ ಯಾವುದನ್ನೂ ಕೇಳುವ ಧೈರ್ಯ ಅವರಿಗಿರಲಿಲ್ಲ.

ಕೊನೆಗೆ ಎಂಬತ್ತೊಂದರ ಶ್ರಾವಣದಲ್ಲಿ ಅವರೇ ನನ್ನ ಶಾಲೆಗೆ ಬಂದು, "ಮೇಷ್ಟ್ರೆ, ಜತೆಗೆ ಬತ್ತೀರಾ?" ಎಂದರು. ಆ ತಿಂಗಳು ಅವರಿಗೆ ಎರಡು ಸಲ ಎದೆ ಹಿಡಿದುಕೊಂಡಿತ್ತು. ಸತ್ತಾಗ ಕರಡಿಗೆ ತೆಗೆಯುತ್ತಾರೆ, ಸುವರ್ಣಮ್ಮನ ಮುಂದೆ ತೆಗೆಯುತ್ತಾರೆ. ಅದು ಅವರನ್ನು ಹೊರಡಿಸಿತು. ಚಿಕ್ಕನಾಯಕನಹಳ್ಳಿಯ ಆಚೆಗೊಂದು ಸಣ್ಣ ಮಠ. ಹೊಸದಾಗಿ ಬಂದಿದ್ದ ಸ್ವಾಮಿಗಳಿಗೆ ಮೂವತ್ತೈದು ದಾಟಿರಲಿಲ್ಲ, ಕಾಶಿಯಲ್ಲಿ ಓದಿದವರು. ನಾವು ಹೋದಾಗ ಮಧ್ಯಾಹ್ನದ ಪ್ರವಚನ ನಡೆದಿತ್ತು. ಹೃದಯವೆಂದರೆ ವೈದ್ಯರು ಹೇಳುವ ಮಾಂಸದ ಚೀಲವಲ್ಲ, ಸಾಸುವೆ ಕಾಳಿನಷ್ಟು ಜಾಗದಲ್ಲಿ ಆಕಾಶವನ್ನೆಲ್ಲ ಅಡಗಿಸಿಕೊಂಡ ಗವಿ ಅದು, ಎಲ್ಲರೊಳಗೂ ಕೂತಿರುವವನು ಒಬ್ಬನೇ ಎಂದು ಅವರು ಸೊಗಸಾಗಿ ಹೇಳಿದರು. ಕೇಳುವವರು ತೆಂಗಿನ ಸೀಮೆಯವರೆಂದು ನೆನಪಾಗಿ, ಒಣಗಿದ ಕಾಯಲ್ಲಿ ಕೊಬ್ಬರಿ ಚಿಪ್ಪನ್ನು ಬಿಡುವಂತೆ ಜ್ಞಾನಿಯ ಆತ್ಮ ದೇಹವನ್ನು ಬಿಟ್ಟುಕೊಂಡಿರುತ್ತದೆ ಎಂದೂ ಸೇರಿಸಿದರು. ಜನ ತಲೆದೂಗಿದರು. ಸದಾಶಿವಯ್ಯನವರು ನನ್ನ ಕಿವಿಯ ಹತ್ತಿರ ಬಗ್ಗಿ, "ಕೊಳೆತಿದ್ದೂ ಅಲ್ಲಾಡ್ತೈತೆ" ಎಂದರು.

ಪ್ರವಚನ ಮುಗಿದ ಮೇಲೆ ಸ್ವಾಮಿಗಳ ಕೋಣೆಯಲ್ಲಿ ಅವರು ಕೋಟಿನ ಗುಂಡಿ ಬಿಚ್ಚಿದರು. ನಾನು ಕಂಡಂತೆ ಅದೇ ಮೊದಲು. ಕರಡಿಗೆ ತೆರೆದು ಮುಂದಿಟ್ಟು, ತಾಯಿ ಲಿಂಗ ಕಳೆದುಕೊಂಡು ಸತ್ತದ್ದನ್ನೂ ತಮ್ಮದನ್ನು ಆಕೆಯ ಕೈಯಲ್ಲಿಟ್ಟದ್ದನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಸ್ವಾಮಿಗಳು ಮೃದುವಾಗಿ ನಕ್ಕರು. ಅದು ಒಳ್ಳೆಯ ನಗುವೇ.

"ಇಷ್ಟೇ ತಾನೆ? ಕಳೆದುಹೋದರೆ ಗುರು ಇನ್ನೊಂದು ಕಟ್ಟುತ್ತಾನೆ. ಇದಕ್ಕೆ ಇಷ್ಟು ವರ್ಷ ಕೊರಗಿದಿರಾ?"

"ಹಂಗಾರೆ ನಮ್ಮವ್ವ ಯಾತುಕ್ಕೆ ಸತ್ತಳು ಬುದ್ಧಿ?"

ಸ್ವಾಮಿಗಳ ನಗು ನಿಂತಿತು. ನಿಮ್ಮ ತಾಯಿಯ ನಿಷ್ಠೆ, ಎಂದು ಏನೋ ಹೇಳಹೊರಟು ತಡೆದರು. "ನನಗೆ ಗೊತ್ತಿಲ್ಲ" ಎಂದರು. ಆ ಒಂದು ಮಾತಿಗಾಗಿ ಇವತ್ತಿಗೂ ನನಗೆ ಆ ಸ್ವಾಮಿಗಳ ಮೇಲೆ ಗೌರವ. ಆಮೇಲೆ ವಿಧಿಯ ಪ್ರಕಾರ ಹೊಸ ಲಿಂಗವನ್ನು ಸದಾಶಿವಯ್ಯನವರ ಎಡ ಅಂಗೈಯಲ್ಲಿಟ್ಟರು. ಅಷ್ಟು ವರ್ಷ ಏನನ್ನೂ ಹೊರದ ಕೈ ಅದು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಅವರು ಹೇಳಿದರು: "ಬುದ್ಧಿಯೋರ ಮುಂದೆ ಅರ್ಧ ಯೋಳ್ದೆ ಮೇಷ್ಟ್ರೆ." ಉಳಿದರ್ಧ, ಮಾರಯ್ಯನದು, ನನಗೆ ಹೇಳಿದರು. ದುರ್ಗಯ್ಯ ಆ ಮಾರಯ್ಯನ ಮಗನೆಂದು ನನಗೆ ತಿಳಿದದ್ದೂ ಆಗಲೇ.

ಮರುದಿನ ಬೆಳಿಗ್ಗೆ ನಾನು ಅವರ ಜಗಲಿಯಲ್ಲಿದ್ದೆ. ಸುವರ್ಣಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಸದಾಶಿವಯ್ಯನವರು ಕೋಟಿಲ್ಲದೆ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅಂಗಳಕ್ಕಿಳಿದು, ಕಾಯಿ ಸುಲಿಯುತ್ತಿದ್ದ ದುರ್ಗಯ್ಯನ ಮುಂದೆ ನಿಂತರು.

"ದುರ್ಗಯ್ಯ, ಇದನ್ನ ಒಂದ್ಸಲ ನಿನ್ ಕೈಯಾಗೆ ತಗಳಪ್ಪ."

ದುರ್ಗಯ್ಯ ಅಂಗೈಯನ್ನು ನೋಡಿದ, ಆಮೇಲೆ ಮುಖವನ್ನು ನೋಡಿದ. "ಯಾತುಕ್ಕೆ ಅಯ್ನೋರೆ?"

"ಅವತ್ತು ನಿಮ್ಮಪ್ಪಂಗೆ ಮುಟ್ಟಬ್ಯಾಡ ಅಂದೋನು ನಾನು. ಊರೋರು ಉಗಿವಾಗ ಸುಮ್ಕೆ ನಿಂತಿದ್ದೋನೂ ನಾನೇಯ."

"ಗೊತ್ತು" ಎಂದ ದುರ್ಗಯ್ಯ. ಮೊನೆಗೆ ಕುಕ್ಕಿದ್ದ ಕಾಯನ್ನು ಬಿಡಿಸಿಕೊಂಡು ಮಡಿಲಲ್ಲಿಟ್ಟುಕೊಂಡ. "ನಮ್ಮಪ್ಪ ಸಾಯೋಗಂಟ ಅದ್ನೇ ಯೋಳೋನು. ಸಿಕ್ಕಿತ್ತು ಕಣ್ಲಾ ಮಗ, ಕಾಲಿಗೆ ಸಿಕ್ಕಿತ್ತು, ಎತ್ಕಂಡಿದ್ರೆ ಆಯಮ್ಮ ಉಳಕತಿದ್ಲು ಅಂತ. ಊರೋರು ಉಗುದ್ರು ಅಂತ ಅವ್ನು ಅಳ್ನಿಲ್ಲ. ಆಯಮ್ಮ ಹೋದ್ಲು ಅಂತ ಅತ್ತ."

ಸದಾಶಿವಯ್ಯನವರು ಚಾಚಿದ ಕೈಯನ್ನು ಇನ್ನಷ್ಟು ಮುಂದೆ ತಂದರು. "ಅದುಕ್ಕೇ ತಗಾ ಅಂತೀನಿ."

"ಬ್ಯಾಡಿ. ಅವತ್ತು ಮುಟ್ಟಿದ್ರೆ ಒಂದ್ ಜೀವ ಉಳೀತಿತ್ತು. ಇವತ್ತು ಮುಟ್ಟಿದ್ರೆ ಏನಾಯ್ತದೆ? ನಿಮ್ಗೆ ಒಸಿ ಹಗುರಾಯ್ತದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು. ಅವನು ಮಡಿಲಿನ ಕಾಯನ್ನು ಸುಲಿದು, ನೆಲದ ಮೇಲಿಟ್ಟು, ಎಂದಿನಂತೆ ಅವರ ಕಡೆಗೆ ಉರುಳಿಸಿದ.

ಸುವರ್ಣಮ್ಮ ಬಂದು ಸದಾಶಿವಯ್ಯನವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಗಂಡನ ಲಿಂಗವನ್ನು ಆಕೆ ಮೊದಲ ಸಲ ಕಂಡದ್ದು ಅಂದು. ಆದರೂ ಆಕೆಯ ಕಣ್ಣು ಅದರ ಮೇಲೆ ನಿಲ್ಲಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದರು.

ಮುಂದಿನ ಸೋಮವಾರ ಗುಡಿಯ ಮುಂದೆ ನಾಲ್ಕು ಜನ ಸೇರಿದ್ದಾಗ ಅವರು ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ಮಾರಯ್ಯನ ತಪ್ಪಿಲ್ಲ, ತಪ್ಪು ನನ್ನದು ಎಂದರು. ಮಾರಯ್ಯನ ಮುಖಕ್ಕೆ ಉಗಿದವರಲ್ಲಿ ಆಗ ಬದುಕಿದ್ದವನು ಒಬ್ಬನೇ, ಅವನಿಗೂ ಕಿವಿ ಕೇಳುತ್ತಿರಲಿಲ್ಲ. ಉಳಿದವರು ಮುಜುಗರಪಟ್ಟು, "ಬುಡಿ ಅಯ್ನೋರೆ, ಅದೆಲ್ಲ ಯಾವ ಕಾಲದ್ದೋ" ಎಂದು ಕೊಬ್ಬರಿಯ ಧಾರಣೆಯ ಮಾತಿಗೆ ತಿರುಗಿದರು. ನನಗೆ ಅಳು ಬಂತು. ಅಷ್ಟು ವರ್ಷ ಹೊತ್ತ ಹೊರೆಯನ್ನು ಇಳಿಸಲು ಹೋದರೆ ಅದನ್ನು ಇಳಿಸಿಕೊಳ್ಳುವವರೇ ಊರಲ್ಲಿ ಉಳಿದಿರಲಿಲ್ಲ.

ಕೋಟನ್ನು ಅವರು ಮತ್ತೆ ತೊಡಲಿಲ್ಲ. ಶಾಲೂ ಹೋಯಿತು; ಪೂಜೆಗೆ ಕೂರುವಾಗ ಕದ ತೆರೆದೇ ಇರುತ್ತಿತ್ತು. ದುರ್ಗಯ್ಯ ಕೆಲಸಕ್ಕೆ ಬರುವುದನ್ನು ಬಿಡಲಿಲ್ಲ, ಕಾಯಿ ಉರುಳಿಸುವುದನ್ನೂ ಬಿಡಲಿಲ್ಲ. ಮೊದಲು ಕಾಲಿನಿಂದ ತಡೆದು ನಿಲ್ಲಿಸುತ್ತಿದ್ದ ಆ ಕಾಯನ್ನು ಈಗ ಇವರು ಕಷ್ಟಪಟ್ಟು ಬಗ್ಗಿ, ಎರಡೂ ಕೈಗಳಿಂದ ಎತ್ತಿಕೊಳ್ಳುತ್ತಿದ್ದರು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಎಂಬತ್ನಾಲ್ಕರ ಮಾಘದಲ್ಲಿ ಅವರು ಹಾಸಿಗೆ ಹಿಡಿದಾಗ ನಾನು ಕೇಳಬಾರದ್ದನ್ನು ಕೇಳಿದೆ. ಈಗಲಾದರೂ ಎದೆಯೊಳಗೆ ಶಾಂತಿ ಸಿಕ್ಕಿತೇ ಎಂದೆ. ಅವರು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮೂರನೆಯ ಸಲ ಕಾಯಿಗೆ ಕಿವಿಗೊಡುವಾಗಿನ ಅದೇ ಮುಖದಲ್ಲಿ ಸ್ವಲ್ಪ ಹೊತ್ತು ಇದ್ದರು.

"ಮಾರಯ್ಯಂಗೆ ಸಿಕ್ಕಂಗೆ ಸಿಕ್ಕೈತೆ ಮೇಷ್ಟ್ರೆ. ಕಾಲಡಿಗೇ ಐತೆ. ಎತ್ಕಳಾಕೆ ಅಪ್ಪಣೆ ಇಲ್ಲ."

ಎರಡು ವಾರದ ಮೇಲೆ ತಾಯಿಯ ಪಕ್ಕದಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡಿದೆವು. ದುರ್ಗಯ್ಯ ತೋಟದ ಬೇಲಿಯ ಆಚೆ, ಜನವೆಲ್ಲ ಚದುರುವವರೆಗೆ ನಿಂತಿದ್ದ. ಏನನ್ನು ನೆನೆಯುತ್ತಿದ್ದನೋ ನನಗೆ ತಿಳಿಯದು; ಕೇಳುವ ಹಕ್ಕೂ ನನಗಿರಲಿಲ್ಲ.

ಇಂಥವರನ್ನು ನಮ್ಮ ಸೀಮೆಯಲ್ಲಿ ಇನ್ನೂ ಇಬ್ಬರು ಮೂವರನ್ನು ಕಂಡಿದ್ದೇನೆ. ಊರು ಅವರನ್ನು ಶಾಂತರೆಂದು ಕರೆಯುತ್ತದೆ, ಅವರ ಮನೆಯ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತದೆ, ಮಕ್ಕಳಿಗೆ ಅವರ ಕಾಲು ಮುಟ್ಟಲು ಹೇಳುತ್ತದೆ. ಅವರ ಪಾಲಿಗೆ ಶಾಂತಿ ಅಂಗೈಯ ಹತ್ತಿರವೇ ಇದ್ದೂ ಮುಟ್ಟಲಾಗದ ವಸ್ತುವೆಂದು ಯಾರೂ ಅರಿಯರು. ಹೃದಯದ ಗವಿಯಲ್ಲಿ ಕೂತಿರುವವನು ಒಬ್ಬನೇ, ಎಲ್ಲರೊಳಗೂ ಅವನೇ ಎಂಬುದು ಸುಳ್ಳೆಂದು ನಾನು ಹೇಳಲಾರೆ. ಸದಾಶಿವಯ್ಯನವರನ್ನು ಬಲ್ಲ ನಾನು ಅದನ್ನು ಮುಂಚಿಗಿಂತ ಹೆಚ್ಚು ನಂಬುತ್ತೇನೆ. ಎಲ್ಲರೊಳಗೂ ಅವನೊಬ್ಬನೇ ಆದ್ದರಿಂದಲೇ, ಯಾರನ್ನೋ ಹೊರಗೆ ನಿಲ್ಲಿಸಿ ಬಂದವರಿಗೆ ಆ ಗವಿಯ ಬಾಗಿಲಲ್ಲಿ ಮೊದಲು ಸಿಗುವವನು ಅದೇ ಮನುಷ್ಯ. ಎದೆಮಟ್ಟದ ನೀರಿನಲ್ಲಿ, ಒಂದು ಕಾಲೆತ್ತಿ, ಕೈಮುಗಿದು ನಿಂತು, ಅವನು ಇನ್ನೂ ಸಂತೋಷದಿಂದ ಕೂಗುತ್ತಲೇ ಇರುತ್ತಾನೆ.